ಬಂಗಾರಪೇಟೆ ರೈಲಿಗೆ ಮೊದಲು ಮಂಗಳ

ಹೊಸ ನಾಟಕ ಬರೆಯುವವನಿಗೆ ಖರ್ಚು ಕಡಿಮೆ. ಒಂದು ದಸ್ತು ಕಾಗದ, ಒಂದು ಕುಪ್ಪಿ ಮಸಿ. ಅದನ್ನು ಆಡಿಸುವವನ ಗತಿ ಬೇರೆ. ೧೯೫೮ರಲ್ಲಿ ನಾನು ಬರೆದ ನಾಟಕವನ್ನು ಆಡಿಸಲು ಹೊರಟವನು ಬಚ್ಚಪ್ಪ. ಆ ಒಂದು ತಿಂಗಳು ಅವನು ಟಿಕೆಟ್ ಕಿಟಕಿಯ ಹಿಂದೆ ಕೂತು ಪಟ್ಟ ಪಾಡನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಆಂಡರ್ಸನ್‌ಪೇಟೆಯ ಶಾಲೆಯಲ್ಲಿ ಮೇಷ್ಟ್ರಾಗಿದ್ದವನಿಗೆ ಸಂಜೆ ಹೊತ್ತು ಬೇರೆ ಕೆಲಸವೂ ಇರಲಿಲ್ಲ. ನೋಡಿದ್ದನ್ನು ಹೇಳದೆ ಇದ್ದರೆ ಋಣ ಉಳಿಯುತ್ತದೆ ಅನ್ನಿಸಿ ಬರೆಯುತ್ತಿದ್ದೇನೆ.

ಬಚ್ಚಪ್ಪನ ಹುಟ್ಟೂರು ಬಂಗಾರಪೇಟೆಯಿಂದ ಬೂದಿಕೋಟೆ ಕಡೆಗೆ ಹೋಗುವ ದಾರಿಯಲ್ಲಿ ಒಂದು ಸಣ್ಣ ಹಳ್ಳಿ. ನಾಲ್ಕನೇ ಕ್ಲಾಸು ಓದಿದ್ದ. ಅಕ್ಷರಕ್ಕಿಂತ ಅಂಕಿ ಚೆನ್ನಾಗಿ ಬರುತ್ತಿತ್ತು. ಊರಿಗಾಂನ ಚಿನ್ನದ ಗಣಿಯ ಟೈಮ್ ಆಫೀಸಿನಲ್ಲಿ ಹದಿನೇಳು ವರ್ಷ ಬಿಲ್ಲೆ ಕೊಡುವ ಕೆಲಸ ಮಾಡಿದ. ಗಣಿಗೆ ಇಳಿಯುವ ಪ್ರತಿಯೊಬ್ಬನಿಗೂ ನಂಬರು ಒತ್ತಿದ ಒಂದು ಹಿತ್ತಾಳೆ ಬಿಲ್ಲೆ. ಇಳಿಯುವಾಗ ಕೊಡುವುದು, ಮೇಲೆ ಬಂದಾಗ ವಾಪಸು ತೆಗೆದುಕೊಂಡು ಹಲಗೆಯ ಮೊಳೆಗೆ ನೇತುಹಾಕುವುದು. ಮೊಳೆ ಖಾಲಿ ಇದ್ದರೆ ಆ ಮನುಷ್ಯ ಇನ್ನೂ ಒಳಗಿದ್ದಾನೆ ಎಂದರ್ಥ. ಖಾಲಿ ಮೊಳೆಗಳನ್ನು ನೋಡಿ ನೋಡಿ ಬಚ್ಚಪ್ಪನಿಗೆ ಒಂದು ಸ್ವಭಾವ ಅಂಟಿಕೊಂಡಿತ್ತು. ಯಾರೇ ಆಗಲಿ ಹೇಳಿದ ಹೊತ್ತಿಗೆ ಬರದಿದ್ದರೆ ಅವನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಾನು ಐದು ನಿಮಿಷ ತಡವಾಗಿ ಹೋದರೂ ಬೀದಿಯ ಕೊನೆಯಲ್ಲಿ ನಿಂತು ಕಾಯುತ್ತಿದ್ದ.

ಅವನ ಇನ್ನೊಂದು ಹುಚ್ಚು ನಾಟಕ. ಯಾವ ಕಂಪನಿ ಬಂದು ಊರಿಗಾಂನಲ್ಲಿ ತಗಡಿನ ಥೇಟರು ಕಟ್ಟಿದರೂ ಪಾಳಿ ಮುಗಿಸಿ ಅಲ್ಲಿಗೆ ಹೋಗಿ ಟಿಕೆಟ್ ಕೊಡಲು ಕೂರುತ್ತಿದ್ದ. ಕೂಲಿ ಅಂತ ಏನೂ ಕೇಳುತ್ತಿರಲಿಲ್ಲ. ಆದರೂ ಮಾಲೀಕರು ಅವನನ್ನು ಕೂರಿಸಿ ಕಾಫಿ ಕೊಡುತ್ತಿದ್ದರು. ಕಾರಣ ಇಷ್ಟೆ, ಗಣಿಯವರು ಕಟ್ಟಿಸಿದ ಮನೆಸಾಲುಗಳಲ್ಲಿ, ಯಾವ ಲೈನಿನ ಗಂಡಸರಿಗೆ ಈ ವಾರ ಯಾವ ಪಾಳಿ ಎಂಬುದು ಅವನಿಗೆ ಬಾಯಿಪಾಠ. ಈ ವಾರ ಅಲ್ಲಿ ನೋಟೀಸು ಹಂಚಬೇಡಿ, ಅವರೆಲ್ಲ ರಾತ್ರಿ ಹತ್ತರ ಪಾಳಿ, ಮುಂದಿನ ವಾರ ಹಂಚಿ ಎಂದು ಹೇಳುತ್ತಿದ್ದ. ಅವನ ಮಾತು ಕೇಳಿದ ಮಾಲೀಕ ನಾಲ್ಕು ಕಾಸು ಕಂಡ. ಕೇಳದವನು ಖಾಲಿ ಬೆಂಚುಗಳಿಗೆ ನಾಟಕ ಆಡಿ ಮುಳಬಾಗಿಲ ಕಡೆ ಗಂಟು ಕಟ್ಟಿದ.

ಆ ವರ್ಷ ಬಂದಿದ್ದು ಅಶ್ವತ್ಥಪ್ಪನವರ ಕಂಪನಿ. ಪುರಾಣದ ನಾಟಕಗಳನ್ನೇ ಇಪ್ಪತ್ತು ವರ್ಷ ಆಡಿಕೊಂಡು ಬಂದವರು. ನಾನು ಬರೆದಿದ್ದ ‘ಕತ್ತಲೂರ ಕನ್ಯೆ’ಯನ್ನು ಬಚ್ಚಪ್ಪ ಅವರ ಮುಂದೆ ಓದಿಸಿದ. ಗಣಿ ಕೆಲಸದವನ ಮನೆಯ ಕತೆ. ಗಂಡ ಗಣಿಗೆ ಇಳಿಯುತ್ತಾನೆ, ಬಂಡೆ ಕುಸಿಯುತ್ತದೆ, ಅವನ ಬಿಲ್ಲೆ ವಾಪಸು ಬರುವುದಿಲ್ಲ. ಹೆಂಡತಿ ಗಣಿಯ ಬಾಯಲ್ಲಿ ಕೂತು ಹಾಡುತ್ತಾಳೆ. ಅಲ್ಲಿಗೆ ಮೂರನೇ ಅಂಕ ಮುಗಿಯುತ್ತದೆ. ನಾಲ್ಕನೆಯದರಲ್ಲಿ, ಒಂಬತ್ತನೇ ದಿನ, ಅವನು ಜೀವಂತವಾಗಿ ಮೇಲೆ ಬರುತ್ತಾನೆ, ಮಂಗಳ ಹಾಡಿ ಪರದೆ ಇಳಿಯುತ್ತದೆ. ಇಪ್ಪತ್ತೆರಡು ಹಾಡು. ಒಂದೆರಡನ್ನು ತೆಲುಗಿನಲ್ಲೂ ಒಂದನ್ನು ತಮಿಳಿನಲ್ಲೂ ಬರೆಸಿದ್ದೆ. ನಮ್ಮೂರಿನಲ್ಲಿ ಬರೀ ಒಂದು ಭಾಷೆ ನಂಬಿಕೊಂಡರೆ ಬೆಂಚು ತುಂಬುವುದಿಲ್ಲ.

ಅಶ್ವತ್ಥಪ್ಪನವರು ಕತೆಯನ್ನು ಮೆಚ್ಚಿದರು, ಆಮೇಲೆ ಕೈ ಮುಗಿದರು. ಹಳೆಯ ನಾಟಕಕ್ಕೆ ಜನ ಬರುವುದು ಹಾಡು ಗೊತ್ತಿರುವುದರಿಂದ. ಹೊಸ ಹಾಡು ಬೀದಿಯ ಬಾಯಿಗೆ ಬೀಳಬೇಕಾದರೆ ಹದಿನೈದು ಇಪ್ಪತ್ತು ದಿನ ಬೇಕು. ಅಲ್ಲಿಯವರೆಗೆ ಹೊಸ ಪರದೆ, ಹೊಸ ಉಡುಪು, ನಟರ ಸಂಬಳ, ಪೆಟ್ರೋಮ್ಯಾಕ್ಸಿನ ಎಣ್ಣೆ, ಇವನ್ನೆಲ್ಲ ಯಾರು ಹೊರುತ್ತಾರೆ ಎಂದು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಯಾರಾದರೂ ಒಂದು ತಿಂಗಳ ಮಟ್ಟಿಗೆ ಕಂಟ್ರಾಕ್ಟು ಹಿಡಿದರೆ ಥೇಟರೂ ನಟರೂ ಸಿದ್ಧ, ಲಾಭ ನಷ್ಟ ಎರಡೂ ಹಿಡಿದವನದು ಎಂದರು. ನಾನು ಎದ್ದು ಬಂದೆ. ನನ್ನ ಸಂಬಳ ಎಪ್ಪತ್ತು ರೂಪಾಯಿ.

ಎರಡು ವಾರದ ಮೇಲೆ ಗೊತ್ತಾಯಿತು, ಬಚ್ಚಪ್ಪ ಗಣಿಯ ಕೆಲಸಕ್ಕೆ ರಾಜೀನಾಮೆ ಕೊಟ್ಟಿದ್ದ. ಕೈಗೆ ಬಂದ ಇಡಿಗಂಟನ್ನು ತಂದು ಅಶ್ವತ್ಥಪ್ಪನವರ ಮುಂದೆ ಇಟ್ಟಿದ್ದ. ನನಗೆ ಕೋಪ ಬಂತು, ನಿನಗೇನು ತಲೆ ಕೆಟ್ಟಿದೆಯಾ ಎಂದು ಬೈದೆ. ಅವನು ಸಾವಧಾನವಾಗಿ ಹೇಳಿದ:

“ಅದಿನೇಳು ವರ್ಸ ಜನ ಒಳಕ್ಕೆ ಓಗೋದೇ ಎಣಿಸಿದೀನಿ ಮೇಷ್ಟ್ರೇ. ಒಂದ್ ಕಿತ ನಗ್ತಾ ಒಳಕ್ಕೆ ಓಗೋ ಜನಾನ ಎಣಿಸ್ತೀನಿ ಬಿಡಿ.”

ಮಾತು ಚೆನ್ನಾಗಿತ್ತು. ಆದರೆ ಅವನು ಇದ್ದದ್ದು ಗಣಿಯವರ ಲೈನಿನ ಮನೆ. ಕೆಲಸ ಹೋದರೆ ಮನೆಯೂ ಹೋಗುತ್ತದೆ. ಖಾಲಿ ಮಾಡಲು ಅವನಿಗೆ ಕೊಟ್ಟಿದ್ದ ಗಡುವು ನಾಟಕದ ಕಂಟ್ರಾಕ್ಟು ಮುಗಿಯುವ ಮಾರನೆಯ ದಿನಕ್ಕೆ ಸರಿಹೋಗುತ್ತಿತ್ತು. ಆಂಡರ್ಸನ್‌ಪೇಟೆಯಲ್ಲಿ ಎರಡು ಕೋಣೆಯ ಒಂದು ಮನೆ ನೋಡಿಟ್ಟಿದ್ದ, ನೂರೈವತ್ತು ರೂಪಾಯಿ ಮುಂಗಡ. ನಾಟಕ ಗೆದ್ದರೆ ಮನೆ, ನಾಟಕ ಬಿದ್ದರೆ ಬೀದಿ. ಹೆಂಡತಿ ವರಲಕ್ಷ್ಮಮ್ಮನಿಗೆ ಇದನ್ನು ಹೇಳಿದ್ದು ಎಲ್ಲ ಮುಗಿದ ಮೇಲೆ. ಅವಳು ಕೂಗಾಡಲಿಲ್ಲವಂತೆ. ಮೂರು ದಿನ ಅವನಿಗೆ ಮುದ್ದೆ ಬಡಿಸಿದಳು, ಮಾತು ಬಡಿಸಲಿಲ್ಲ.

ಬಚ್ಚಪ್ಪನದು ಕುರುಡು ಧೈರ್ಯವಾಗಿರಲಿಲ್ಲ. ಅವನಲ್ಲಿ ಒಂದು ಉಪಾಯವಿತ್ತು. ಕಂಪನಿಯವರು ಎಲ್ಲ ಕಡೆ ರಾತ್ರಿ ಹತ್ತಕ್ಕೆ ಆಟ ಶುರುಮಾಡುತ್ತಿದ್ದರು. ಆ ಹೊತ್ತಿಗೆ ರಾತ್ರಿ ಪಾಳಿಯವರು ಗಣಿಯೊಳಗೆ, ಬೆಳಗಿನ ಪಾಳಿಯವರು ನಿದ್ದೆಯೊಳಗೆ. ಬಂಗಾರಪೇಟೆಯ ಕಡೆಯ ರೈತರೂ ಅಂಗಡಿಯವರೂ ಬರುವಂತಿಲ್ಲ, ವಾಪಸು ಹೋಗಲು ರೈಲಿಲ್ಲ. ನಾಟಕವನ್ನು ಸಂಜೆ ಐದಕ್ಕೆ ಇಟ್ಟರೆ ಮಧ್ಯಾಹ್ನದ ಪಾಳಿಯವರನ್ನು ಬಿಟ್ಟು ಎಲ್ಲರೂ ಬರಬಹುದು. ಮಾರಿಕುಪ್ಪಂನಿಂದ ಬಂಗಾರಪೇಟೆಗೆ ಹೊರಡುವ ಕೊನೆಯ ರೈಲು ಊರಿಗಾಂಗೆ ಒಂಬತ್ತೂ ಮುಕ್ಕಾಲಿಗೆ ಬರುತ್ತದೆ. ರಾತ್ರಿ ಪಾಳಿಯ ಸೈರನ್ ಕೂಗುವುದು ಹತ್ತಕ್ಕೆ. ಒಂಬತ್ತೂ ಕಾಲಿಗೆ ಮಂಗಳ ಹಾಡಿದರೆ ರೈಲಿನವರು ರೈಲಿಗೆ, ಪಾಳಿಯವರು ಪಾಳಿಗೆ. ನಾಟಕವನ್ನು ಗಡಿಯಾರ ಇಟ್ಟು ಓದಿಸಿ ನೋಡಿದ್ದ, ನಾಲ್ಕು ಗಂಟೆ ಐದು ನಿಮಿಷ. ಕೇಳಿ ಅಶ್ವತ್ಥಪ್ಪನವರಂಥವರೇ ತಲೆದೂಗಿದರು. ಬಂಗಾರಪೇಟೆಯ ಸಂತೆಯಲ್ಲಿ, ಸ್ಟೇಷನ್ನಿನ ಎದುರು, ಕಡಲೆಕಾಯಿ ಮಂಡಿಯ ಗೋಡೆಗೆ ನೋಟೀಸು ಅಂಟಿತು: ‘ಬಂಗಾರಪೇಟೆ ರೈಲಿಗೆ ಮೊದಲು ಮಂಗಳ’.

ಅವನು ಲೆಕ್ಕಕ್ಕೆ ಹಿಡಿಯದೆ ಬಿಟ್ಟದ್ದು ಒಂದೇ ಒಂದು, ಒನ್ಸ್ ಮೋರ್.

ಕಂಪನಿ ನಾಟಕ ನೋಡದವರಿಗೆ ಇದನ್ನು ಹೇಳಬೇಕು. ಹಾಡು ಹಿಡಿಸಿದರೆ ಜನ ‘ಒನ್ಸ್ ಮೋರ್’ ಎಂದು ಕೂಗುತ್ತಾರೆ, ಹಾಡಿದವರು ಮತ್ತೆ ಹಾಡಬೇಕು. ಹಾಡದಿದ್ದರೆ ಜನಕ್ಕೆ ಅವಮಾನ, ಕೂಗದಿದ್ದರೆ ಹಾಡಿದವರಿಗೆ ಅವಮಾನ. ನಮ್ಮ ನಾಯಕಿ ಮುತ್ಯಾಲಮ್ಮ ಆ ಕಡೆ ಆಂಧ್ರದ ಗಡಿಯವರು, ನಲವತ್ತು ದಾಟಿದ ಹೆಂಗಸು. ಬಣ್ಣ ಹಚ್ಚಿ ನಿಂತು ಬಾಯಿ ತೆರೆದರೆ ಇಪ್ಪತ್ತರ ಹುಡುಗಿ. ಹೊಸ ಹಾಡು ಹಿಡಿಸಲು ಹದಿನೈದು ದಿನ ಬೇಕು ಅಂದಿದ್ದರಲ್ಲ, ಈಕೆಯ ಗಂಟಲಿನಲ್ಲಿ ಮೊದಲ ದಿನವೇ ಹಿಡಿಸಿತು. ನೆಲದವರು ಕೂಗಿದರು, ಬೆಂಚಿನವರು ಕೂಗಿದರು, ಒಂದು ರೂಪಾಯಿ ಕುರ್ಚಿಯ ಗುಮಾಸ್ತರೂ ಕೂಗಿದರು. ಆಕೆ ಎರಡು ಸಲ ಹಾಡಿದರು, ಮೂರು ಸಲ ಹಾಡಿದರು. ನಾನು ಒಳಗೆ ನಿಂತು ಉಬ್ಬಿಹೋದೆ. ನನ್ನ ಪದಗಳು, ಎಷ್ಟಂದರೂ.

ಬಚ್ಚಪ್ಪ ಹೊರಗಡೆ ಗಡಿಯಾರ ನೋಡುತ್ತಾ ಬೆವರುತ್ತಿದ್ದ. ಮೂರನೇ ಅಂಕದ ಅಳುವ ಹಾಡು ಮುಗಿಯುವಾಗ ಒಂಬತ್ತೂ ಇಪ್ಪತ್ತು. ಆಗ ಒಬ್ಬ ಎದ್ದ, ಹತ್ತು ಜನ ಎದ್ದರು, ಆಮೇಲೆ ಥೇಟರಿನ ಅರ್ಧ ಭಾಗ ಎದ್ದು ಹೊರಟಿತು. ರೈಲಿನವರು ಸ್ಟೇಷನ್ ಕಡೆ, ಪಾಳಿಯವರು ಗಣಿಯ ಕಡೆ. ನಾಲ್ಕನೇ ಅಂಕವನ್ನು ನೋಡಿದವರು ಬೆರಳೆಣಿಕೆಯ ಮಂದಿ. ಮೊದಲ ದಿನದ ಕಲೆಕ್ಷನ್ ಚೆನ್ನಾಗಿತ್ತು ಅಂತ ಅಶ್ವತ್ಥಪ್ಪನವರು ಸಮಾಧಾನ ಹೇಳಿದರು. ಬಚ್ಚಪ್ಪನಿಗೆ ಸಮಾಧಾನವಾಗಲಿಲ್ಲ.

ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ ಹೆಂಗಸರ ಕಡೆಯ ಚಾಪೆಗಳಲ್ಲಿ ಜಾಗ ಕಂಡಿತು. ಐದನೆಯ ದಿನ ಅರ್ಧಕ್ಕರ್ಧ ಖಾಲಿ. ನಾಟಕದ ಆಯುಸ್ಸು ಹೆಂಗಸರ ಕಡೆಯಿಂದ ಗೊತ್ತಾಗುತ್ತದೆ ಎಂದು ಬಚ್ಚಪ್ಪ ಯಾವಾಗಲೂ ಹೇಳುತ್ತಿದ್ದ. ಗಂಡಸು ಬಂದರೆ ಒಂದು ಟಿಕೆಟ್, ಹೆಂಗಸು ಬಂದರೆ ಮನೆಮಂದಿ. ಎಂಟನೇ ದಿನ ಬೆಳಗಿನ ರೈಲು ಹತ್ತಿ ಬಂಗಾರಪೇಟೆಗೆ ಹೋಗಿ ಸಂತೆಯಲ್ಲಿ ವಿಚಾರಿಸಿದ. ಮೊದಲ ದಿನ ಬಂದಿದ್ದ ಈರುಳ್ಳಿ ಮಾರುವ ಮಂಗಮ್ಮ ಅಲ್ಲಿದ್ದಳು. ಅವಳ ಗಂಡ ದಿನಾ ರೈಲಿನಲ್ಲಿ ಬಂದು ಗಣಿಗೆ ಇಳಿಯುವವನು. ಯಾಕಮ್ಮ ಮತ್ತೆ ಬರಲಿಲ್ಲ ಅಂದರೆ ಅವಳು ತಕ್ಕಡಿಯಿಂದ ಕಣ್ಣು ತೆಗೆಯದೆ ಅಂದಳಂತೆ:

“ಒಳಕ್ಕೆ ಓದೋನು ಬರಾಕಿಲ್ಲ ಅಂತ ಆಡ್ತೀರ. ಅದ್ನ ನೋಡಾಕೆ ನಾಕಾಣೆ ಬೇರೆ ಕೊಡಬೇಕಾ. ನಮ್ ಬೀದೀಲಿ ಯಾರ್ನೂ ಓಗ್ಬೇಡಿ ಅಂದಿವ್ನಿ.”

ಬಚ್ಚಪ್ಪ ಊರಿಗಾಂಗೆ ವಾಪಸು ಬಂದು ನನಗೆ ವಿಷಯ ಹೇಳಿದ. ಮಧ್ಯದಲ್ಲಿ ಎದ್ದುಹೋದ ಅಷ್ಟು ಜನರೂ ನಾಟಕದ ಗಂಡ ಸತ್ತ ಅಂತ ತಿಳಿದು ಮನೆಗೆ ಹೋಗಿದ್ದರು. ಗಣಿಯ ಊರಿನಲ್ಲಿ ಅಂಥ ನಾಟಕ ಅಪಶಕುನ. ಲೈನಿನ ಹೆಂಗಸರು ಥೇಟರಿನ ಮುಂದಿನ ದಾರಿ ಬಿಟ್ಟು ಬಳಸಿಕೊಂಡು ಹೋಗುತ್ತಿದ್ದರು. ಕೊನೆಯಲ್ಲಿ ಬದುಕುತ್ತಾನೆ ಎಂದು ತಮಟೆ ಹೊಡೆಸೋಣವೇ ಎಂದೆ. ಕತೆ ಹೇಳಿಬಿಟ್ಟರೆ ಆಮೇಲೆ ಟಿಕೆಟ್ ಯಾಕೆ ತೆಗೆದುಕೊಳ್ಳುತ್ತಾರೆ ಎಂದ. ಅದೂ ಹೌದು. ಹಾಗಾದರೆ ಹಾಡು ಕಡಿಮೆ ಮಾಡಿ ಎಂದ. ನಾನು ಒಪ್ಪಲಿಲ್ಲ. ಆ ಹಾಡುಗಳಿಗಾಗಿ ಎಷ್ಟು ನಿದ್ದೆ ಕೆಟ್ಟಿದ್ದೆ ಎಂಬುದನ್ನು ಹೇಳಿ ಅವನ ಬಾಯಿ ಮುಚ್ಚಿಸಿದೆ. ಈಗ ನೆನೆದರೆ ನಾಚಿಕೆಯಾಗುತ್ತದೆ.

ಆಗ ಅವನು ಮಾಡಿದ ತಪ್ಪನ್ನು ಟೈಮ್ ಆಫೀಸಿನಲ್ಲಿ ಹದಿನೇಳು ವರ್ಷ ಕೂತವನು ಮಾತ್ರ ಮಾಡಬಲ್ಲ. ಸೀಮೆಎಣ್ಣೆ ಡಬ್ಬದ ತಗಡನ್ನು ದುಂಡಗೆ ಕತ್ತರಿಸಿ, ನಂಬರು ಒತ್ತಿಸಿ, ಮುನ್ನೂರು ಬಿಲ್ಲೆ ಮಾಡಿಸಿದ. ಮಧ್ಯದಲ್ಲಿ ಎದ್ದು ಹೋಗುವವರಿಗೆ ಬಾಗಿಲಲ್ಲಿ ಒಂದೊಂದು ಬಿಲ್ಲೆ. ಬೇರೆ ದಿನ ಅದನ್ನು ತಂದುಕೊಟ್ಟು ಕೊನೆಯ ಅಂಕವನ್ನು ದುಡ್ಡಿಲ್ಲದೆ ನೋಡಿಕೊಂಡು ಹೋಗಬಹುದು. ಅವನ ಎಣಿಕೆಯಲ್ಲಿ ಬಿಲ್ಲೆ ಎಂದರೆ ಒಬ್ಬ ಮನುಷ್ಯ. ಗಣಿಯಲ್ಲಿ ಒಬ್ಬನ ಬಿಲ್ಲೆಯನ್ನು ಇನ್ನೊಬ್ಬ ಮುಟ್ಟುವುದಿಲ್ಲ, ಮುಟ್ಟಿದರೆ ಸತ್ತವನು ಯಾರು ಬದುಕಿದವನು ಯಾರು ಎಂದು ತಿಳಿಯುವುದಿಲ್ಲ. ನಾಟಕದ ಬಿಲ್ಲೆಗೆ ಆ ಭಯ ಎಲ್ಲಿಂದ ಬರಬೇಕು?

ಎರಡೇ ದಿನದಲ್ಲಿ ಬಿಲ್ಲೆಗಳು ಊರು ಸುತ್ತತೊಡಗಿದವು. ಅಣ್ಣ ಟಿಕೆಟ್ ತೆಗೆದುಕೊಂಡು ಮೂರು ಅಂಕ ನೋಡುವುದು, ಮಾರನೆಯ ದಿನ ತಮ್ಮ ಬಿಲ್ಲೆ ತಂದು ನಾಲ್ಕನೆಯದನ್ನು ನೋಡುವುದು, ಮನೆಯಲ್ಲಿ ಕೂತು ಒಬ್ಬರಿಗೊಬ್ಬರು ಕತೆ ಜೋಡಿಸಿಕೊಳ್ಳುವುದು. ಆಂಡರ್ಸನ್‌ಪೇಟೆಯ ಒಂದು ಬೀಡಿ ಅಂಗಡಿಯಲ್ಲಿ ಬಿಲ್ಲೆ ಅರ್ಧಾಣೆಗೆ ಬಾಡಿಗೆಗೆ ಸಿಗುತ್ತಿತ್ತು. ಐದು ಗಂಟೆಗೆ ಥೇಟರು ಭಣಗುಟ್ಟುತ್ತಿತ್ತು. ಒಂಬತ್ತೂವರೆಗೆ ಕಾಲಿಡಲು ಜಾಗವಿಲ್ಲ, ಪೆಟ್ಟಿಗೆಯಲ್ಲಿ ಕಾಸಿಲ್ಲ. ರೈಲಿನವರಂತೂ ಆ ಹೊತ್ತಿಗೆ ಹೇಗೂ ಇರುತ್ತಿರಲಿಲ್ಲ, ಲೈನಿನ ಹೆಂಗಸರು ಅತ್ತ ಸುಳಿಯುತ್ತಿರಲಿಲ್ಲ, ಗಂಡ ಬದುಕುವ ಸುದ್ದಿ ಅವರವರೆಗೆ ಹೋಗಲೇ ಇಲ್ಲ. ಒಂದು ಸಂಜೆ ಬಾಗಿಲಲ್ಲಿ ರಾಶಿ ಬಿದ್ದ ಬಿಲ್ಲೆಗಳನ್ನು ಬಚ್ಚಪ್ಪ ಅಭ್ಯಾಸಬಲದಿಂದ ನಂಬರಿನ ಪ್ರಕಾರ ಜೋಡಿಸುತ್ತಾ ಕೂತಿದ್ದನ್ನು ಕಂಡೆ. ಬಿಲ್ಲೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಕಟ್ಟಿಬಿಟ್ಟೆವು.

ಅಷ್ಟರಲ್ಲಿ ನಾಲ್ಕು ವಾರ ಕಳೆಯುತ್ತಾ ಬಂದಿತ್ತು. ನಟರಿಗೆ ಎರಡು ವಾರದಿಂದ ಸಂಬಳವಿಲ್ಲ. ಹಾರ್ಮೋನಿಯಂನವನು ಬೇರೆ ಕಂಪನಿಗೆ ಕಾಗದ ಬರೆದಿದ್ದಾನೆ ಎಂದು ಸುದ್ದಿ. ವರಲಕ್ಷ್ಮಮ್ಮ ಪಾತ್ರೆಗಳನ್ನು ಒಂದೊಂದಾಗಿ ಗೋಣಿಗೆ ಸುತ್ತಲು ಶುರುಮಾಡಿದ್ದಳು. ಬಚ್ಚಪ್ಪ ಮನೆಗೆ ಹೋದಾಗಲೆಲ್ಲ ಗೋಡೆಯಲ್ಲಿ ಇನ್ನೊಂದು ಮೊಳೆ ಖಾಲಿ. ಅವನಿಗೆ ಊಟ ಸೇರುತ್ತಿರಲಿಲ್ಲ, ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದ. ಗಣಿಯ ಡಾಕ್ಟರರ ಹತ್ತಿರ ಹೋಗು ಎಂದು ಬಾಯಿಗೆ ಬಂತು, ಅದೂ ಈಗ ಅವನಿಗೆ ಇಲ್ಲ ಎಂದು ನೆನಪಾಗಿ ಸುಮ್ಮನಾದೆ. ಆ ಶನಿವಾರ ಗಣಿಯ ಸಂಬಳ. ತಿಂಗಳಲ್ಲಿ ಕೈತುಂಬ ಕಾಸಿಟ್ಟುಕೊಂಡು ಜನ ಬರುವ ದಿನ ಅದೊಂದೇ, ಸೋಮವಾರ ಬೆಳಗ್ಗೆ ಮನೆಯ ಬೀಗದ ಕೈ ಒಪ್ಪಿಸಬೇಕು.

ಶುಕ್ರವಾರ ಮಧ್ಯಾಹ್ನ ಅವನು ಮುತ್ಯಾಲಮ್ಮನವರನ್ನು ಕಾಣಲು ಹೊರಟ, ನನ್ನನ್ನೂ ಕರೆದ. ಆಕೆ ರಂಗದ ಹಿಂದೆ ಚಾಪೆಯ ಮೇಲೆ ಕೂತು ಕೂದಲು ಒಣಗಿಸಿಕೊಳ್ಳುತ್ತಿದ್ದರು. ನಾಳೆ ಒಂದು ದಿನ ಒನ್ಸ್ ಮೋರ್ ಕೊಡಬೇಡಿ ಎಂದು ಅವನು ಕೇಳಿದ. ಆಕೆ ತಮ್ಮ ಕತೆ ಹೇಳಿದರು. ಹನ್ನೊಂದನೇ ವಯಸ್ಸಿನಿಂದ ರಂಗದ ಮೇಲೆ ಇದ್ದೇನೆ, ಗಂಡ ಇಲ್ಲ ಮಕ್ಕಳಿಲ್ಲ. ಆ ಕೂಗು ಕೇಳುವವರೆಗೆ ಕಂಪನಿಯವರು ಅನ್ನ ಹಾಕುತ್ತಾರೆ, ಅದು ನಿಂತ ದಿನ ಅಜ್ಜಿಯ ಪಾತ್ರ ಕೊಡುತ್ತಾರೆ, ಆಮೇಲೆ ಅದೂ ಇಲ್ಲ. ಜನ ಕೂಗುತ್ತಿರುವಾಗ ಕೈಯಾರೆ ಅವರ ಬಾಯಿ ಮುಚ್ಚಿಸು ಅಂತೀಯಲ್ಲ ಬಚ್ಚಣ್ಣ, ಎಂದರು. ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಅವನ ಹೆದರಿಕೆಗಿಂತ ಏನೂ ಕಡಿಮೆ ಇಲ್ಲದ ಹೆದರಿಕೆ.

ಬಚ್ಚಪ್ಪ ತನ್ನ ಮನೆಯ ವಿಷಯ ಎತ್ತಲಿಲ್ಲ. ಸಂತೆಯ ಮಂಗಮ್ಮನ ವಿಷಯ ಹೇಳಿದ. ಅವಳ ಗಂಡ ಗಣಿಗೆ ಇಳಿಯುವವನೆಂದೂ, ಬೀದಿಯ ಹೆಂಗಸರನ್ನೆಲ್ಲ ಅವಳು ತಡೆದಿದ್ದಾಳೆಂದೂ ಹೇಳಿದ.

“ನನ್ನ ಪದ ಕೇಳಿ ಅತ್ತಳಾ ಆಯಮ್ಮ?” ಎಂದು ಮುತ್ಯಾಲಮ್ಮ ಕೇಳಿದರು.

“ಅತ್ಲು ಅಕ್ಕಾ. ಅದಕ್ಕೇ ತಿರುಗಿ ಬರಾಕಿಲ್ಲ.”

ಆಕೆ ಕೂದಲನ್ನು ಗಂಟು ಹಾಕಿಕೊಂಡು ಎದ್ದರು. ಅಳಿಸಿ ಕಳಿಸಿದವಳು ನಾನು, ಸಮಾಧಾನ ಮಾಡದೆ ಕಳಿಸಿದ ಪಾಪವೂ ನನಗೇ ಬರುತ್ತದೆ ಎಂದರು. ನಾಳೆ ನೋಡೋಣ ಎಂದಷ್ಟೇ ಹೇಳಿ ಒಳಗೆ ಹೋದರು. ಆ ‘ನೋಡೋಣ’ವನ್ನು ಹಿಡಿದುಕೊಂಡು ಬಚ್ಚಪ್ಪ ಬಂಗಾರಪೇಟೆಗೆ ಹೋಗಿ, ಮಂಗಮ್ಮನಿಗೆ ದುಡ್ಡಿಲ್ಲದೆ ನಾಲ್ಕು ಟಿಕೆಟ್ ಕೊಟ್ಟು, ಈ ಸಲ ಮಂಗಳ ಕೇಳಿಸಿಕೊಂಡೇ ರೈಲು ಹತ್ತುತ್ತೀಯ ಎಂದು ಭಾಷೆ ಕೊಟ್ಟು ಬಂದ. ಅವಳು ಟಿಕೆಟ್ ತೆಗೆದುಕೊಂಡಳು, ಬರುತ್ತೇನೆ ಅನ್ನಲಿಲ್ಲ.

ಶನಿವಾರ ಸಂಬಳದ ಜನ ಬಂದರು. ಬೇರೆ ದಿನಗಳಷ್ಟು ಕೆಟ್ಟದಾಗಿರಲಿಲ್ಲ, ತುಂಬಿತು ಎಂದೂ ಹೇಳುವಂತಿರಲಿಲ್ಲ. ಮೊದಲ ಹಾಡಿಗೇ ಕೂಗು ಬಂತು. ಮುತ್ಯಾಲಮ್ಮ ಸಭೆಗೆ ಕೈ ಮುಗಿದು ಮುಂದಿನ ಮಾತಿಗೆ ಹೋದರು. ಜನಕ್ಕೆ ಅರ್ಥವಾಗಲಿಲ್ಲ. ಎರಡನೇ ಹಾಡಿಗೆ ಕೂಗು ಜೋರಾಯಿತು, ಆಕೆ ಮತ್ತೆ ಕೈ ಮುಗಿದರು. ಐದನೇ ಹಾಡಿನ ಹೊತ್ತಿಗೆ ಬೆಂಚು ಬಡಿದರು, ಯಾರೋ ತಮಿಳಿನಲ್ಲಿ ಬೈದರು, ಕುರ್ಚಿಯಲ್ಲಿದ್ದ ಇಬ್ಬರು ದುಡ್ಡು ವಾಪಸು ಕೊಡಿ ಎಂದು ಕಿಟಕಿಗೆ ಬಂದರು. ಬಚ್ಚಪ್ಪ ಎಣಿಸಿ ಕೊಟ್ಟ. ಮೂರನೇ ಅಂಕದ ಅಳುವ ಹಾಡನ್ನು ಆಕೆ ಒಂದೇ ಸಲ ಹಾಡಿದರು. ಅಷ್ಟು ಚೆನ್ನಾಗಿ ಅದನ್ನು ಯಾವತ್ತೂ ಹಾಡಿರಲಿಲ್ಲ. ಎರಡನೇ ಸಲ ಇಲ್ಲ ಎಂದು ಗೊತ್ತಿದ್ದವರು ಹಾಡಿದ ಹಾಡು ಅದು. ಯಾರೂ ಕೂಗಲಿಲ್ಲ.

ಒಂಬತ್ತೂ ಹತ್ತಕ್ಕೆ ಗಂಡ ಮೇಲೆ ಬಂದ. ಒಂಬತ್ತೂ ಹದಿನೆಂಟಕ್ಕೆ ಮಂಗಳ ಮುಗಿದು ಪರದೆ ಇಳಿಯಿತು. ನಾವು ಚಪ್ಪಾಳೆಗೆ ಕಿವಿ ಕೊಟ್ಟು ನಿಂತೆವು. ಒಂದು ಚಪ್ಪಾಳೆಯೂ ಬರಲಿಲ್ಲ. ಜನ ಎದ್ದು ಓಡುತ್ತಿದ್ದರು, ಸ್ಟೇಷನ್ನಿಗೆ, ಗಣಿಗೆ, ಹೆಂಗಸರು ಮಕ್ಕಳನ್ನು ಎಳೆದುಕೊಂಡು. ಐದು ನಿಮಿಷದಲ್ಲಿ ಥೇಟರು ಬರಿದಾಯಿತು. ಮುತ್ಯಾಲಮ್ಮ ಬಣ್ಣ ತೊಳೆಯದೆ ಹಾಗೇ ಕೂತುಬಿಟ್ಟರು. ಮೂವತ್ತು ವರ್ಷದಲ್ಲಿ ನನ್ನ ಮುಂದೆ ಇಂಥ ಮೌನ ಬಿದ್ದಿಲ್ಲ ಎಂದರು. ಬಚ್ಚಪ್ಪ ಅವರ ಕಾಲಿನ ಹತ್ತಿರ ನೆಲದ ಮೇಲೆ ಕೂತ. ತಪ್ಪು ಮಾಡಿಸಿಬಿಟ್ಟೆ ಅಕ್ಕಾ ಎಂದ.

ಮಾರನೆಯ ದಿನ ಭಾನುವಾರ. ಕೊನೆಯ ಆಟ. ಮೂರು ಗಂಟೆಗೆ ಅವನು ಕಿಟಕಿ ತೆಗೆದ, ಒಂದು ನರಪಿಳ್ಳೆ ಇಲ್ಲ. ಬಂಗಾರಪೇಟೆಯಿಂದ ಮೂರೂವರೆಯ ರೈಲು ಬಂದು ನಿಂತ ಸದ್ದು ಕೇಳಿಸಿತು. ನಾನು ಆ ದಾರಿಯನ್ನೇ ನೋಡುತ್ತಿದ್ದೆ. ಅವನು ತಲೆ ಎತ್ತಲೇ ಇಲ್ಲ, ಟಿಕೆಟ್ ಪುಸ್ತಕದ ಅಂಚನ್ನು ಬೆರಳಿನಿಂದ ಸವರುತ್ತಾ ಕೂತಿದ್ದ. ಮೊದಲು ಇಬ್ಬರು ಕಂಡರು, ಅವರು ಬೇರೆ ಕಡೆ ತಿರುಗಿಕೊಂಡರು. ಆಮೇಲೆ ಹೆಂಗಸರ ಒಂದು ಗುಂಪು. ಅದರ ಹಿಂದೆ ಇನ್ನೊಂದು ಗುಂಪು. ಸಂತೆಯ ಮಂಗಮ್ಮ ಎಲ್ಲರಿಗಿಂತ ಮುಂದೆ ಇದ್ದಳು, ಅವಳ ಜೊತೆ ಹತ್ತು ಹನ್ನೆರಡು ಜನ. ಅದರಲ್ಲಿ ಒಬ್ಬಳು ತುಂಬಿದ ಬಸುರಿ ಕಿಟಕಿಯ ಸರಳು ಹಿಡಿದುಕೊಂಡು ಬಚ್ಚಪ್ಪನನ್ನು ಕೇಳಿದಳು:

“ಅವ್ನು ಮೇಲಕ್ಕೆ ಬತ್ತಾನಂತೆ, ದಿಟವಾ?”

“ಬತ್ತಾನಮ್ಮ,” ಎಂದ ಬಚ್ಚಪ್ಪ. “ರೈಲಿಗೆ ಮುಂಚೇನೇ ಬತ್ತಾನೆ.”

ಕತೆ ಗೊತ್ತಾದರೆ ಯಾರೂ ಬರುವುದಿಲ್ಲ ಎಂದುಕೊಂಡಿದ್ದೆವು. ಹಿಂದಿನ ರಾತ್ರಿ ಮಂಗಳ ಕೇಳಿ ರೈಲಿಗೆ ಓಡಿದ ಮಂಗಮ್ಮನಂಥವರು ಬೀದಿಯಲ್ಲೆಲ್ಲ ಹೇಳಿದ್ದರು, ಇವರು ಬಂದದ್ದೇ ಅದು ಗೊತ್ತಾದ್ದರಿಂದ. ಲೈನುಗಳಿಂದಲೂ ಹೆಂಗಸರು ಬಂದರು, ಗಂಡಂದಿರನ್ನು ಜೊತೆಗೆ ಎಳೆದುಕೊಂಡು ಬಂದರು. ಐದು ಗಂಟೆಗೆ ಹೆಂಗಸರ ಕಡೆಯ ಚಾಪೆ ತುಂಬಿ, ಗಂಡಸರ ಬೆಂಚು ಎರಡು ಸಾಲು ಹಿಂದಕ್ಕೆ ಸರಿಯಿತು. ಮುತ್ಯಾಲಮ್ಮ ಪರದೆಯ ತೂತಿನಿಂದ ನೋಡಿ ಹಣೆಯ ಕುಂಕುಮ ಸರಿಮಾಡಿಕೊಂಡರು. ಆ ದಿನ ಒನ್ಸ್ ಮೋರ್ ಕೂಗಿದವರನ್ನು ಹೆಂಗಸರೇ ಗದರಿಸಿ ಸುಮ್ಮನಿರಿಸಿದರು.

ರಾತ್ರಿ ಅಶ್ವತ್ಥಪ್ಪನವರು ಬಂದರು. ತಿಂಗಳು ಮುಗಿಯಿತು, ನಟರ ಬಾಕಿ ಸಂಬಳ ಕೊಟ್ಟರೆ ನಾಳೆಯಿಂದ ಇನ್ನೊಂದು ತಿಂಗಳು, ಇಲ್ಲದಿದ್ದರೆ ನಾಳೆ ತಗಡು ಬಿಚ್ಚುತ್ತೇನೆ ಎಂದರು. ಒರಟಾಗಿ ಹೇಳಲಿಲ್ಲ, ಅವರಿಗೂ ಹದಿನೆಂಟು ಹೊಟ್ಟೆಗಳಿದ್ದವು. ಪೆಟ್ಟಿಗೆಯಲ್ಲಿದ್ದದ್ದು ಬಾಕಿಗೆ ಸರಿಹೋಗುವಷ್ಟು, ಇಲ್ಲವೇ ಆಂಡರ್ಸನ್‌ಪೇಟೆಯ ಮನೆಯ ಮುಂಗಡ ಕೊಟ್ಟು ಸ್ವಲ್ಪ ಉಳಿಯುವಷ್ಟು. ಎರಡಕ್ಕೂ ಆಗುವಷ್ಟು ಇರಲಿಲ್ಲ. ಇಬ್ಬರು ನಟರು ತಮ್ಮ ಟ್ರಂಕಿನ ಮೇಲೆ ಕೂತು ನೋಡುತ್ತಿದ್ದರು. ಬಚ್ಚಪ್ಪ ನನ್ನ ಮುಖ ನೋಡಿದ. ಮನೆ ನೋಡಿಕೋ ಬಚ್ಚಪ್ಪ, ನಾಟಕ ಹೋದರೆ ಹೋಗಲಿ ಎಂದು ನಾನು ಹೇಳಬೇಕಿತ್ತು. ಹೇಳಲಿಲ್ಲ. ಅವನು ಪೆಟ್ಟಿಗೆಯನ್ನು ಅಶ್ವತ್ಥಪ್ಪನವರ ಕಡೆಗೆ ತಳ್ಳಿದ.

ಸೋಮವಾರ ಬೆಳಗ್ಗೆ ನಾನು ಲೈನಿಗೆ ಹೋದಾಗ ಬಾಗಿಲಲ್ಲಿ ಒಂದು ಕೈಗಾಡಿ ನಿಂತಿತ್ತು. ಹಾಸಿಗೆ ಸುರುಳಿ, ಪಾತ್ರೆಯ ಗೋಣಿ, ರಾಗಿಯ ಮಡಕೆ, ಒರಳು, ಎಲ್ಲ ಗಾಡಿಯ ಮೇಲೆ. ಗಣಿಯವರ ಕಡೆಯ ಮನುಷ್ಯ ಬೀಗದ ಕೈಗೆ ಕಾಯುತ್ತಿದ್ದ. ನಾಟಕ ತುಂಬಿದ ಸುದ್ದಿ ವರಲಕ್ಷ್ಮಮ್ಮನಿಗೆ ಅಕ್ಕಪಕ್ಕದವರಿಂದ ತಿಳಿದಿತ್ತು. ತಲೆಗೆ ಎಣ್ಣೆ ಹಚ್ಚಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟಿದ್ದಳು. ಆಂಡರ್ಸನ್‌ಪೇಟೆಗೆ ಎಷ್ಟು ಕೊಡುತ್ತೀರ ಎಂದು ಗಾಡಿಯವನು ಕೇಳುತ್ತಿದ್ದಾನೆ, ಮಾತಾಡು ಎಂದು ಗಂಡನಿಗೆ ಹೇಳಿದಳು.

ಬಚ್ಚಪ್ಪ ಗಾಡಿಯ ಚಕ್ರವನ್ನು ನೋಡುತ್ತಾ ಇದ್ದದ್ದನ್ನೆಲ್ಲ ಹೇಳಿದ. ಸುತ್ತಿ ಬಳಸಿ ಹೇಳಲಿಲ್ಲ. ದುಡ್ಡು ನಟರಿಗೆ ಕೊಟ್ಟೆ, ಮನೆ ಇಲ್ಲ ಎಂದ. ಬೀಗದ ಕೈಗೆ ಬಂದಿದ್ದವನು ಆಚೆ ಮುಖ ಮಾಡಿದ. ನಾನು ಎಲ್ಲಿ ನಿಂತುಕೊಳ್ಳಲಿ ಎಂದು ತಿಳಿಯದೆ ಹಗ್ಗ ಬಿಗಿಯುವವನಂತೆ ಗಾಡಿಯ ಹಿಂದೆ ಹೋದೆ. ವರಲಕ್ಷ್ಮಮ್ಮ ಹೊಸಿಲಿನ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು. ಆಮೇಲೆ ಕೇಳಿದಳು:

“ಇವತ್ತು ಆಟ ಐತಾ?”

“ಐತೆ,” ಎಂದ.

“ನಾಳೆ?”

“ನಾಳೇನೂ ಐತೆ. ಒಂದ್ ತಿಂಗ್ಳು ಐತೆ.”

ಅವಳು ಎದ್ದು ಬಾಗಿಲು ಎಳೆದು, ಬೀಗ ಹಾಕಿ, ಬೀಗದ ಕೈಯನ್ನು ಆ ಮನುಷ್ಯನ ಕೈಗೆ ತಾನೇ ಕೊಟ್ಟಳು.

“ಅಂಗಾದ್ರೆ ಗಾಡೀನ ಥೇಟ್ರು ಕಡೀಕೆ ತಿರುಗ್ಸು,” ಎಂದಳು ಗಂಡನಿಗೆ. “ಪರ್ದೆ ಇಂದ್ಗಡೆ ಒಲೆ ಊಡಾಕೆ ಎಲ್ಲಿ ಜಾಗ ಐತೆ ಅಂತ ತೋರ್ಸು ನಡಿ. ಆ ಅದಿನೆಂಟು ಜನಾನೂ ಇವತ್ತು ಉಣ್ಣಬೇಕಲ್ಲ.”